ಮೇಷ್ಟ್ರ ಮೂತ್ರ ಪರೀಕ್ಷೆ

ಮೂರು ತಿಂಗಳು ತುಂಬುತ್ತ ಬಂತೆಂದರೆ ಮೇಷ್ಟ್ರ ಮುಖ ಬಾಡುತ್ತದೆ. ಮೂತ್ರಕೋಶದ ಕ್ಯಾನ್ಸರ್ ಗಡ್ಡೆಯನ್ನು ವೈದ್ಯರು ತೆಗೆದಾಗಿದೆ. ಆದರೆ ಈ ಕಾಯಿಲೆ ಮತ್ತೆ ಮತ್ತೆ ತಲೆಯೆತ್ತುವ ಜಾತಿಯದು. ಅದಕ್ಕೇ ಮೂತ್ರದ್ವಾರದ ಮೂಲಕ ದೀಪವಿರುವ ಸಣ್ಣ ಕೊಳವೆ ತೂರಿಸಿ ಒಳಗೆ ನೋಡುವ ಸಿಸ್ಟೋಸ್ಕೋಪಿ ತಪ್ಪಿದ್ದಲ್ಲ. ನೋವಿಗಿಂತ ನಾಚಿಕೆಯೇ ಅವರಿಗೆ ಹೆಚ್ಚು.

"ಈ ಸಲ ಬೇಡ ಬಿಡಮ್ಮ" ಎಂದರು ಮಗಳಿಗೆ.

ಬಿ.ಎಸ್ಸಿ. ಓದುತ್ತಿರುವ ಮಗಳಿಗೆ ಹೊಸ ಆಸೆ. "ಅಪ್ಪಾ, ಬರೀ ಮೂತ್ರ ಪರೀಕ್ಷೆಯಲ್ಲೇ ಗೊತ್ತಾಗುತ್ತದಂತೆ" ಎಂದು ಪುಸ್ತಕ ಬಿಚ್ಚಿ ಕೂತಳು.

ಅವಳು ಹೇಳಿದ್ದು ಸುಳ್ಳಲ್ಲ. ಮೂತ್ರಕೋಶದ ಒಳಪೊರೆಯ ಜೀವಕೋಶಗಳು ಉದುರಿ ಮೂತ್ರದಲ್ಲಿ ಸೇರುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಗುರುತಿಸಬಹುದೆಂದು ಪಾಪನಿಕೊಲೊ ಮತ್ತು ಮಾರ್ಷಲ್ 1945ರಲ್ಲೇ ತೋರಿಸಿದರು. ಆದರೆ ನಿಧಾನವಾಗಿ ಬೆಳೆಯುವ ಗಡ್ಡೆಯ ಕೋಶಗಳು ಆರೋಗ್ಯವಂತ ಕೋಶಗಳನ್ನೇ ಹೋಲುವುದರಿಂದ ಕಣ್ಣು ಮೋಸಹೋಗುತ್ತದೆ. ಹಾಗಾಗಿ ವಿಜ್ಞಾನಿಗಳು ಅಣುಗಳ ಬೆನ್ನು ಹತ್ತಿದರು. ಜೀವಕೋಶದ ನ್ಯೂಕ್ಲಿಯಸ್‌ನಿಂದ ಹೊರಬೀಳುವ ಎನ್‌ಎಂಪಿ22 ಪ್ರೋಟೀನನ್ನು ಅಳೆಯುವ ಪರೀಕ್ಷೆಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. 3, 7, 17ನೇ ವರ್ಣತಂತುಗಳು ಹೆಚ್ಚಿವೆಯೇ, 9ನೆಯದರ ತುಣುಕು ಕಳೆದಿದೆಯೇ ಎಂದು ಹೊಳೆಯುವ ಬಣ್ಣ ಹಚ್ಚಿ ಎಣಿಸುವ ಯೂರೋವಿಷನ್ 2001ರಲ್ಲಿ ಬಂತು. ಈಗ ಎಫ್‌ಜಿಎಫ್‌ಆರ್3, ಟರ್ಟ್ ಮೊದಲಾದ ಜೀನ್‌ಗಳ ಬದಲಾವಣೆಯನ್ನೂ ಮೂತ್ರದಲ್ಲಿ ಹುಡುಕುತ್ತಾರೆ.

"ಹಾಗಾದರೆ ಕೊಳವೆ ಬೇಡ ಅನ್ನು!" ಮೇಷ್ಟ್ರ ಮುಖ ಅರಳಿತು.

ಹೌದು ಎನ್ನಲು ಹೊರಟ ಮಗಳು ಮುಂದಿನ ಪುಟ ಓದಿ ತಡೆದಳು. ಕಲ್ಲು, ಸೋಂಕು ಇದ್ದರೂ ಆ ಪ್ರೋಟೀನ್ ಏರಬಹುದು. ಸಣ್ಣ ಗಡ್ಡೆ ಇದ್ದೂ ಪರೀಕ್ಷೆಗೆ ಸಿಗದೆ ಹೋಗಬಹುದು. ಇವೆಲ್ಲ ಇಂದಿಗೂ ಕೊಳವೆಗೆ ಸಹಾಯಕರೇ ಹೊರತು ಅದರ ಜಾಗಕ್ಕೆ ಬಂದವಲ್ಲ.

"ಅಪ್ಪಾ, ನೂರಕ್ಕೆ ಮೂವತ್ತೈದು ಬಂದರೆ ಪಾಸು ಮಾಡಿದವರು ನೀವು. ಇಲ್ಲಿ ಎಂಬತ್ತು ಬಂದರೂ ಸಾಲದು."

ಮೇಷ್ಟ್ರು ಮಾತಾಡಲಿಲ್ಲ. ಮೊದಲ ಸಲ ಮೂತ್ರ ಕೆಂಪಾದಾಗ ನೋವಿರಲಿಲ್ಲ. ಉಷ್ಣವೆಂದು ಎಳನೀರು ಕುಡಿದರು. ಕೆಂಪು ತಾನಾಗಿ ನಿಂತಿತು. ಮನೆಯಲ್ಲಿ ಹೇಳಲು ಸಂಕೋಚ. ನಾಲ್ಕು ತಿಂಗಳು ಹಾಗೇ ಹೋಯಿತು. ನಲವತ್ತು ವರ್ಷ ಸೇದಿದ ಸಿಗರೇಟಿನ ವಿಷ ರಕ್ತದಿಂದ ಸೋಸಿ ಬಂದು ಮೂತ್ರಕೋಶದಲ್ಲೇ ತಂಗುತ್ತಿತ್ತೆಂದು ತಿಳಿದದ್ದು ಆಮೇಲೆ. ಯಾವ ಪ್ರಯೋಗಾಲಯವೂ ಇಲ್ಲದೆ ಬರಿಗಣ್ಣಿಗೆ ಕಂಡ ಸುಳಿವನ್ನೇ ಅವರು ಅಂದು ಮುಚ್ಚಿಟ್ಟಿದ್ದರು.

"ಬೆಳಿಗ್ಗೆ ಏಳರ ಬಸ್ಸಿಗೆ ಹೊರಡೋಣ" ಎಂದರು ಮೇಷ್ಟ್ರು. ಮಗಳು ಹಳೆಯ ರಿಪೋರ್ಟುಗಳನ್ನು ಚೀಲಕ್ಕೆ ತುಂಬತೊಡಗಿದಳು.