ಡಬ್ಬಿ ಮೇಲಿನ 6.25

ಹೋದ ರಜೆಯಲ್ಲಿ ಕುಡಚಿಗೆ ಹೋದಾಗ ನಮ್ಮಿಬ್ಬರಿಗೆ ಒಂದು ಕೆಲಸ ಸಿಕ್ಕಿತು. ಊರಿನ ಒಂದು ಕಚೇರಿಯ ದಾಖಲೆಗಳನ್ನೆಲ್ಲ ಟೇಪ್‌ಗೆ ಬ್ಯಾಕಪ್ ಮಾಡಿಕೊಡೋದು. ಈ ಕಾಲದಲ್ಲೂ ಟೇಪಾ ಅಂತ ನಗಬೇಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಉಕ್ಕಿ ಕುಡಚಿ–ಉಗಾರ ಸೇತುವೆ ಮುಳುಗಿದ್ದನ್ನು ಕಂಡವರಿಗೆ, ಒಂದು ಪ್ರತಿ ಹೊಳೆಯಿಂದ ದೂರ ಇರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಟೇಪ್ ಅಂಗೈಯಷ್ಟು ದೊಡ್ಡದು. ಬರೆದು ತೆಗೆದಿಟ್ಟರೆ ಕರೆಂಟೂ ಬೇಡ, ವೈರಸ್ಸೂ ಮುಟ್ಟಲ್ಲ.

ಡೇಟಾ ಸುಮಾರು 3 ಟಿಬಿ. ಎಲ್‌ಟಿಒ-6 ಟೇಪಿನ ಡಬ್ಬಿ ಮೇಲೆ 6.25 ಟಿಬಿ ಅಂತ ಇತ್ತು. ಒಂದೇ ಸಾಕು ಅಂತ ಒಂದನ್ನೇ ತರಿಸಿ, ಸಂಜೆ ಶುರು ಮಾಡಿ ಮನೆಗೆ ಬಂದ್ವಿ. ಮುಂಜಾನೆ ಕಚೇರಿಯ ಕಾಕಾ ಫೋನ್ ಮಾಡಿದರು.

"ಏನ್ ತಮ್ಮಾ, ಆತೇನು?"

"ಆತ್ರಿ ಕಾಕಾ," ಅಂದುಬಿಟ್ವಿ.

ಹೋಗಿ ನೋಡಿದರೆ ಸ್ಕ್ರೀನ್ ಎರಡನೇ ಟೇಪ್ ಕೇಳ್ತಾ ನಿಂತಿತ್ತು. 2.5 ಟಿಬಿ ಹತ್ತಿರ ಟೇಪ್ ತುಂಬಿತ್ತು. ಸಭೆ-ಸಮಾರಂಭದ ವಿಡಿಯೋಗಳೆಲ್ಲ ಮೊದಲೇ ಹೋಗಿ ಕೂತಿದ್ದವು. ಹೊರಗೆ ಉಳಿದದ್ದು ರೈತರ ಕಾಗದಪತ್ರ, ಕಬ್ಬಿನ ತೂಕದ ಚೀಟಿಗಳ ಸ್ಕ್ಯಾನ್. ಬ್ಯಾಕಪ್ ಬೇಕಾಗಿದ್ದೇ ಅವಕ್ಕೆ!

ಮೊದಲು ಡ್ರೈವ್ ಕೆಟ್ಟಿದೆ ಅಂದ್ವಿ. ಆಮೇಲೆ ನಕಲಿ ಮಾಲು ಅಂತ ಅಂಗಡಿಯವರನ್ನು ಬೈದ್ವಿ. ಕೊನೆಗೆ ಡಬ್ಬಿಯನ್ನು ಪೂರ್ತಿ ಓದಿದ್ವಿ. ಟೇಪಿನ ನಿಜವಾದ ಸಾಮರ್ಥ್ಯ 2.5 ಟಿಬಿ. ಡೇಟಾ 2.5 ಪಟ್ಟು ಕುಗ್ಗಿದರೆ ಮಾತ್ರ 6.25. ನಮ್ಮದು ಜೆಪೆಗ್ ಮತ್ತು ಎಂಪಿ4, ಮೊದಲೇ ಕುಗ್ಗಿಸಿದ ಫೈಲುಗಳು. ಗಾಣದಲ್ಲಿ ಒಮ್ಮೆ ಹಿಂಡಿದ ಕಬ್ಬಿನ ಸಿಪ್ಪೆ ಮತ್ತೆ ಹಾಕಿದರೆ ಹಾಲು ಎಲ್ಲಿಂದ ಬರಬೇಕು?

ಹಾಗಂತ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಟೆಕ್ಸ್ಟ್, ಡೇಟಾಬೇಸ್ ಚೆನ್ನಾಗಿ ಕುಗ್ಗುತ್ತವೆ. ಅವನ್ನು ಜಿಪ್ ಮಾಡದೆ ಕಳಿಸಿ, ಡ್ರೈವ್‌ನ ಕಂಪ್ರೆಷನ್ ಆನ್ ಇಟ್ಟರೆ ಸಾಕು. ಎನ್‌ಕ್ರಿಪ್ಟ್ ಮಾಡಿದ ಡೇಟಾ ಕುಗ್ಗಲ್ಲ, ಹಾಗಾಗಿ ಆ ಕೆಲಸವನ್ನೂ ಡ್ರೈವ್‌ಗೇ ಬಿಡಬೇಕು. ಹೆಡ್ ಕೊಳೆಯಾಗಿದ್ದರೆ ಸರಿಯಾಗಿ ಕೂರದ ಡೇಟಾವನ್ನು ಡ್ರೈವ್ ಮುಂದೆ ಮತ್ತೊಮ್ಮೆ ಬರೆಯುತ್ತೆ, ಅಷ್ಟು ಜಾಗ ಹಾಳು. ಡ್ರೈವ್ ಕೇಳಿದಾಗ ಕ್ಲೀನಿಂಗ್ ಟೇಪ್ ಹಾಕಲೇಬೇಕು. ಇನ್ನು ವೇಗ: ಎಲ್‌ಟಿಒ-6 ಸೆಕೆಂಡಿಗೆ 160 ಎಂಬಿ ಬರೆಯಬಲ್ಲದು. ಹಳೆ ಹಾರ್ಡ್‌ಡಿಸ್ಕ್‌ನಿಂದ ಚಿಲ್ಲರೆ ಫೈಲುಗಳು ತೀರಾ ನಿಧಾನ ಬಂದರೆ ಟೇಪ್ ನಿಲ್ಲುತ್ತೆ, ಹಿಂದೆ ಸರಿಯುತ್ತೆ, ಮತ್ತೆ ಓಡುತ್ತೆ. ಹೊತ್ತೂ ಹೋಗುತ್ತೆ, ಟೇಪೂ ಸವೆಯುತ್ತೆ. ಸಣ್ಣ ಫೈಲುಗಳನ್ನು ವೇಗದ ಡಿಸ್ಕ್‌ನಲ್ಲಿ ಒಂದೇ ಟಾರ್ ಗಂಟು ಕಟ್ಟಿ ಕಳಿಸಿದರೆ ಈ ತೊಂದರೆ ಇಲ್ಲ.

ಇಷ್ಟೆಲ್ಲ ಮಾಡಿದರೂ ನಮ್ಮ ಜೆಪೆಗ್‌ಗಳು ಕುಗ್ಗುತ್ತಿರಲಿಲ್ಲ. ಎರಡನೇ ಟೇಪ್ ಬೇಕೇ ಬೇಕಿತ್ತು.

ಕಾಕಾಗೆ ಹೇಳೋದೇ ಕಷ್ಟ ಆಯ್ತು. "ಮುಂಜಾನಿ ಆತು ಅಂದಿದ್ರಲ್ಲೋ?" ಅಂದರು, ಅಷ್ಟೇ. ಆ ಒಂದು ಮಾತಿಗೆ ನಾವು ತಲೆ ಎತ್ತಲಿಲ್ಲ. ಅವತ್ತೇ ಹೊಳೆಗೆ ನೀರು ಬಂದಿದ್ದರೆ?

ಎರಡನೇ ಟೇಪ್ ಬಂದ ಮೇಲೆ ಮೊದಲಿಂದ ಶುರು ಮಾಡಿದ್ವಿ. ಈ ಸಲ ರೈತರ ದಾಖಲೆ ಮೊದಲು, ವಿಡಿಯೋ ಕೊನೆಗೆ. ಮುಗಿದ ಮೇಲೆ ಟೇಪಿನಿಂದ ಹತ್ತು ತೂಕದ ಚೀಟಿ ವಾಪಸ್ ತೆಗೆದು ಕಾಕಾನ ಮುಂದೆ ತೆರೆದು ತೋರಿಸಿದ್ವಿ. ಆಮೇಲೆ "ಆತ್ರಿ" ಅಂದ್ವಿ.