ಎಡಗಾಲಿನ ಪಕ್ಕದಲ್ಲೇ ಬಲಗಾಲು

ಸೋಮವಾರ, ಪೀಣ್ಯ. ಕಾರ್ಖಾನೆಯ ಪ್ಯಾನೆಲ್ ಬೋರ್ಡಿಗೆ, ಬಿಸಿಯನ್ನು ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಹಿಡಿದೆ. ಎರಡು ಫೇಸ್ 41 ಡಿಗ್ರಿಯ ಆಸುಪಾಸು, ಮೂರನೆಯದರ ತಂತಿ ಜೋಡಿಸುವ ಲಗ್ 70 ದಾಟಿತ್ತು. ಮೂರರ ಮೇಲೂ ಲೋಡ್ ಒಂದೇ. ಅಂದಮೇಲೆ ಲೂಸ್ ಕನೆಕ್ಷನ್. ಲೈನ್ ಆಫ್ ಮಾಡಿಸಿ ಬೋಲ್ಟ್ ಬಿಗಿ ಮಾಡಿಸಿದೆ. ಮತ್ತೆ ಲೋಡ್ ಕೊಟ್ಟು ನೋಡಿದಾಗ ಮೂರೂ ಸರಿಸಮ.

ಅದೇ ಸಂಜೆ. ಕಲ್ಯಾಣ ಮಂಟಪದ ಮುಂದೆ ಮದುವೆ ಮೆರವಣಿಗೆಗೆ ತಂದ ಬಿಳಿ ಕುದುರೆ. ಅದರ ಯಜಮಾನರು ಕುಕ್ಕರಗಾಲಲ್ಲಿ ಕೂತು, ಕೈಯ ಹಿಂಬದಿಯಿಂದ ಮುಂಗಾಲನ್ನು ಮಂಡಿಯಿಂದ ಗೊರಸಿನವರೆಗೆ ಸವರಿದರು. ಆಮೇಲೆ ಇನ್ನೊಂದು ಕಾಲು. ಮತ್ತೆ ಮೊದಲಿನದು.

"ಏನು ನೋಡ್ತಿದ್ದೀರಿ?"

"ಬಿಸಿ ನೋಡ್ತಿದ್ದೀನಿ ಸಾರ್. ಎರಡೂ ಒಂದೇ ಥರ ಇರ್ಬೇಕು."

ಬೆಳಿಗ್ಗೆ ನಾನು ಮಾಡಿದ್ದೂ ಇದೇ ಅಲ್ಲವೇ?

ಮಂಗಳವಾರ. ಕುದುರೆಯ ಕಾಲಿಗೂ ಇದೇ ಬಗೆಯ ಕ್ಯಾಮೆರಾ ಹಿಡಿಯುವ ಪಶುವೈದ್ಯರಿದ್ದಾರೆ. ಸ್ನಾಯುರಜ್ಜುವಿಗೆ ಪೆಟ್ಟಾದಲ್ಲಿ, ಗೊರಸಿನೊಳಗೆ ಕೀವು ಕಟ್ಟಿದಲ್ಲಿ ರಕ್ತ ಹೆಚ್ಚು ಹರಿದು ಮೇಲಿನ ಚರ್ಮ ಬಿಸಿಯಾಗುತ್ತದೆ. ಕುಂಟು ಕಣ್ಣಿಗೆ ಬೀಳುವ ಮೊದಲೇ ಈ ಬಿಸಿ ಕಾಣಿಸಿಕೊಳ್ಳಬಹುದು. ಎರಡು ಕಾಲುಗಳ ಒಂದೇ ಜಾಗದಲ್ಲಿ 1 ಡಿಗ್ರಿಯಷ್ಟು ವ್ಯತ್ಯಾಸ ಕಂಡರೂ ವೈದ್ಯರು ಅಲ್ಲೇ ನಿಂತು ಪರೀಕ್ಷಿಸುತ್ತಾರಂತೆ. ನಮ್ಮ ಲಗ್ ಸುಮಾರು 30 ಡಿಗ್ರಿ ಏರಿದ ಮೇಲೆ ನನ್ನ ಕಣ್ಣಿಗೆ ಬಿತ್ತು. ಜೀವ ಅಷ್ಟು ಮೆಲ್ಲಗೆ ಹೇಳಿಕೊಳ್ಳುತ್ತದೆಯೇ?

ಬುಧವಾರ. ಒಂದು ಫೇಸ್ ತೀರಾ ತಣ್ಣಗಿದ್ದರೂ ನೆಮ್ಮದಿಯಿಲ್ಲ, ಫ್ಯೂಸ್ ಹೋಗಿರಬಹುದು. ಕುದುರೆಯಲ್ಲೂ ಹಾಗೇ. ಓಡಿಸಿ ತಂದ ಮೇಲೆ ಬಿಸಿ ಏರಬೇಕಾದ ಗೊರಸು ಏರದಿದ್ದರೆ, ಅಲ್ಲಿಗೆ ರಕ್ತ ಸಾಲುತ್ತಿಲ್ಲವೇ ಎಂಬ ಅನುಮಾನ.

ಗುರುವಾರ. ಪ್ಯಾನೆಲ್ಲಿನಲ್ಲಿ ಕರೆಂಟ್ ಒಯ್ಯುವ, ಹೊಳೆಯುವ ತಾಮ್ರದ ಬಸ್‌ಬಾರ್ ಸುಡುತ್ತಿದ್ದರೂ ಕ್ಯಾಮೆರಾಕ್ಕೆ ತಣ್ಣಗೆ ಕಾಣುತ್ತದೆ. ಅದಕ್ಕೇ ಮೊದಲೇ ಕಪ್ಪು ಟೇಪು ಅಂಟಿಸಿಟ್ಟಿರುತ್ತೇವೆ. ಕುದುರೆಯಲ್ಲಿ ಕೂದಲೇ ತೊಡಕು. ದಟ್ಟ ಕೂದಲು ಬಿಸಿಯನ್ನು ಮುಚ್ಚಿಡುತ್ತದೆ, ಕತ್ತರಿಸಿದ ಜಾಗ ಏನೂ ಇಲ್ಲದೆಯೂ ಬಿಸಿಯಾಗಿ ಕಾಣುತ್ತದೆ. ಆಗಷ್ಟೇ ಬಿಚ್ಚಿದ ಬ್ಯಾಂಡೇಜ್, ಮೈ ತೊಳೆದ ನೀರು, ಒಂದೇ ಮಗ್ಗುಲಿಗೆ ಬಿದ್ದ ಬಿಸಿಲು, ಎಲ್ಲವೂ ಚಿತ್ರ ಕೆಡಿಸುತ್ತವೆ. ಮೈ ಒಣಗಿಸಿ, ಗಾಳಿ ಬೀಸದ ನೆರಳಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಯೇ ನೋಡಬೇಕು.

ನಾವು ಪ್ಯಾನೆಲ್ಲನ್ನು ಲೋಡ್ ಇರುವಾಗಲೇ ನೋಡಬೇಕು, ಕುದುರೆಯನ್ನೇಕೆ ನಿಲ್ಲಿಸಿ ನೋಡುತ್ತಾರೆ? ರಾತ್ರಿ ಹೊಳೆಯಿತು. ಕರೆಂಟ್ ನಿಂತರೆ ಲಗ್‌ನ ಬಿಸಿಯೂ ಆರುತ್ತದೆ. ನೊಂದ ಕಾಲಿನ ಬಿಸಿ ಕುದುರೆ ನಿಂತರೂ ಆರುವುದಿಲ್ಲ.

ಶುಕ್ರವಾರ. ಓಟದ ದಣಿವಿನಲ್ಲೂ ಕ್ಯಾಮೆರಾಕ್ಕೆ ಬೇರೆಯದೇ ಕೆಲಸವಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಸೆಕೆಯಲ್ಲಿ ಕುದುರೆಗಳ ಮೈಬಿಸಿ ಗಮನಿಸಲು ಥರ್ಮಲ್ ಕ್ಯಾಮೆರಾ ಇಟ್ಟಿದ್ದರು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಸೆನ್ಯೋರ್ ಮೆಡಿಕಾಟ್ ಕುದುರೆಯೊಂದಿಗೆ ಸವಾರಿ ಸ್ಪರ್ಧೆಯಾದ ಈವೆಂಟಿಂಗ್‌ನಲ್ಲಿ 23ನೆಯವರಾಗಿ ಮುಗಿಸಿದ್ದು ಅಲ್ಲೇ. ಕುದುರೆಯ ಸಹಜ ಮೈಬಿಸಿ ಸುಮಾರು 38 ಡಿಗ್ರಿ. ಓಡಿದಾಗ ಏರುತ್ತದೆ, ತಣ್ಣೀರು ಸುರಿದು ಇಳಿಸಬೇಕು. ಆ ಹೊತ್ತಿನಲ್ಲಿ ಎಡಗಾಲು, ಬಲಗಾಲಿನ ಮಾತಿಲ್ಲ. ಇಡೀ ಜೀವವೇ ಕಾದಿರುತ್ತದೆ.

ಶನಿವಾರ. ಕುದುರೆಯ ಯಜಮಾನರು ಮತ್ತೆ ಸಿಕ್ಕರು. ಅನುಮತಿ ಕೇಳಿ ಕ್ಯಾಮೆರಾ ಹಿಡಿದೆ. ಎಡ ಮುಂಗಾಲು ಕೆಂಪಾಗಿ ಕಂಡಿತು. ನನಗೆ ಗಾಬರಿ. ಅವರು ಪಡುವಣದ ಬಿಸಿಲನ್ನು ತೋರಿಸಿ, ಕುದುರೆಯನ್ನು ಗೋಡೆಯ ನೆರಳಿಗೆ ತಂದು ನಿಲ್ಲಿಸಿದರು. ಕಾಲು ಗಂಟೆ ಕಳೆಯಿತು. ಕೆಂಪು ಮಾಸಿತು, ಆದರೆ ಪೂರ್ತಿ ಹೋಗಲಿಲ್ಲ. ಅವರು ಕೈ ಸವರಿ ಗೊರಸಿನ ಮೇಲಂಚಿನಲ್ಲಿ ನಿಂತರು. "ಚೂರು ಇದೆ. ನಾಳೆ ಲಾಳ ಬಿಚ್ಚಿಸ್ತೀನಿ, ಮೆರವಣಿಗೆ ಬೇಡ."

ನಾನೂ ಕೈ ಇಟ್ಟೆ. ನನಗೆ ಎರಡೂ ಕಾಲು ಒಂದೇ ಅನಿಸಿತು.

"ದಿನಾ ಮುಟ್ಟಬೇಕು ಸಾರ್," ಅಂದರು.