ಮೇಳ ಉಳಿಯುವ ಬಗೆ

ನಮ್ಮ ಬೀದಿಯ ಭಜನೆಯ ಮೇಳದಲ್ಲಿ ಈಗ ನಾಲ್ವರೇ ಉಳಿದಿದ್ದೇವೆ. ಇದನ್ನು ನಿಲ್ಲಿಸಿಬಿಡೋಣವೆಂದು ಹಿರಿಯರೊಬ್ಬರು ಹೇಳಿದಂದಿನಿಂದ ನನ್ನ ಮನಸ್ಸು ದೂರದ ಮ್ಯಾಂಚೆಸ್ಟರಿನ ಕಡೆಗೆ ಹರಿಯುತ್ತಿದೆ.

ಅರಳೆಯ ಗಿರಣಿಗಳಿಗೆ ಹೆಸರಾದ ಆ ಊರಿನಲ್ಲಿ, 1848ರ ಕ್ರಾಂತಿಯ ದೆಸೆಯಿಂದ ಪ್ಯಾರಿಸನ್ನು ಬಿಟ್ಟುಬಂದ ಚಾರ್ಲ್ಸ್ ಹಾಲೆಯವರು 1858ರಲ್ಲಿ ವಾದ್ಯಮೇಳವೊಂದನ್ನು ಕಟ್ಟಿದರು. ಅದರೊಡನೆ ಗಾಯಕವೃಂದವೂ ಹುಟ್ಟಿತು. ವಾದಕರು ವೃತ್ತಿಯವರು, ಹಾಡುವವರಾದರೋ ಹಗಲಿನ ದುಡಿಮೆ ಮುಗಿಸಿ, ಕೇವಲ ಪ್ರೀತಿಗಾಗಿ ಬರುವ ಸ್ತ್ರೀಪುರುಷರು. ಎಲ್ಗರ್ ಅವರ ಮೊದಲನೆಯ ಸಿಂಫನಿಯನ್ನು 1908ರಲ್ಲಿ ಲೋಕಕ್ಕೆ ಮೊತ್ತಮೊದಲು ಕೇಳಿಸಿದುದು ಈ ಮೇಳವೇ.

1940ರ ಡಿಸೆಂಬರಿನಲ್ಲಿ, ಮೇಳವು ಹುಟ್ಟಿ ಬೆಳೆದ ಫ್ರೀ ಟ್ರೇಡ್ ಹಾಲ್ ಎಂಬ ಸಭಾಮಂದಿರವು ಬಾಂಬಿಗೆ ಆಹುತಿಯಾಯಿತು. 1943ರಲ್ಲಿ ಜಾನ್ ಬಾರ್ಬಿರೋಲಿಯವರು ನ್ಯೂಯಾರ್ಕಿನಿಂದ ಬಂದಾಗ ಉಳಿದಿದ್ದ ವಾದಕರು 30 ಮಂದಿಯೂ ಇಲ್ಲ. ಯುದ್ಧಕಾಲದಲ್ಲಿ ನುರಿತವರು ಎಲ್ಲಿ ಸಿಕ್ಕಾರು? ಅವರು ಹೆಂಗಸರನ್ನು, ಶಾಲೆಯ ಹುಡುಗನನ್ನು ಸಹ ಪರೀಕ್ಷಿಸಿ ಆರಿಸಿಕೊಂಡು, ಕೆಲವೇ ವಾರಗಳಲ್ಲಿ ಮೇಳವನ್ನು ಮತ್ತೆ ನಿಲ್ಲಿಸಿದರು. ಮಂದಿರವು ಪುನಃ ತೆರೆದುದು 1951ರಲ್ಲಿ. ಸಂಗೀತವು ಅದಕ್ಕಾಗಿ ಕಾದು ಕುಳಿತಿರಲಿಲ್ಲ. ಮೇಳವೂ ಗಾಯಕವೃಂದವೂ ಇಂದಿಗೂ ಜೀವಂತವಾಗಿವೆ.

ನುರಿತವರು ಬರಲೆಂದು ಕಾಯುವ ಮೇಳವು ಕಾಯುತ್ತಲೇ ಮುಗಿದುಹೋಗುವುದು. ಬಂದವರನ್ನು ನುರಿಸಿಕೊಳ್ಳುವ ಮೇಳವೇ ಉಳಿಯುವುದು. ಬರುವ ಶನಿವಾರ ನಮ್ಮ ಬೀದಿಯ ಮಕ್ಕಳ ಕೈಗೆ ತಾಳಗಳನ್ನು ಕೊಡಬೇಕೆಂದಿದ್ದೇನೆ.